‘ರ’ ಬಿಟ್ಟುಹೋದ ಯೋಜನೆ

ಸೆಪ್ಟೆಂಬರ್ 1, ಸೋಮವಾರ

ಬೆಳಿಗ್ಗೆ ನಿರ್ದೇಶಕರು ಕರೆದು ಒಂದು ದಪ್ಪ ಕಡತವನ್ನು ನನ್ನ ಕಡೆ ತಳ್ಳಿದರು. “ಇನ್ನು ಇಪ್ಪತ್ತು ವರ್ಷಕ್ಕೆ ಈ ಊರಲ್ಲಿ ನಾಲ್ಕು ಜನಕ್ಕೆ ಒಬ್ಬರು ಮುದುಕರಾಗಿರ್ತಾರಂತೆ ಮೇಡಂ. ಅವರಿಗೆ ಏನೇನು ಬೇಕಾಗುತ್ತೆ ಅಂತ ಈಗ್ಲೇ ಯೋಜನೆ ಮಾಡ್ಬೇಕಂತೆ. ತಿಂಗಳ ಕೊನೆಗೆ ಮೇಲಿನವರಿಗೆ ಹೋಗ್ಬೇಕು.”

ನಾನೇ ಯಾಕೆ ಎಂದು ಕೇಳಿದೆ.

“ನಿಮ್ಮನೇಲಿ ಅತ್ತೆ ಇದ್ದಾರಲ್ಲ,” ಎಂದರು.

ನಮ್ಮ ಮನೆಯಲ್ಲಿ ನಲ್ಲಿಯೂ ಇದೆ. ಹಾಗೆಂದು ನೀರು ಸರಬರಾಜಿನ ಯೋಜನೆಯನ್ನು ಯಾರೂ ನನ್ನ ತಲೆಗೆ ಕಟ್ಟಿರಲಿಲ್ಲ. ಆದರೂ ಕಡತ ಎತ್ತಿಕೊಂಡೆ. ನಮ್ಮ ನಿರ್ದೇಶಕರಿಗೆ ಕಚೇರಿಯಲ್ಲಿ ‘ಕಾಲಂ ಸಾಹೇಬರು’ ಎಂದು ಅಡ್ಡಹೆಸರು. ಏನೇ ಹೇಳಿದರೂ “ಇದು ಯಾವ ಕಾಲಂಗೆ ಬರುತ್ತೆ?” ಎನ್ನುತ್ತಾರೆ. ನನ್ನ ಸಿಟ್ಟಿಗೆ ಅವರಲ್ಲಿ ಕಾಲಂ ಇಲ್ಲ.

ಯೋಜನೆಗೆ ‘ಆಸರೆ’ ಎಂದು ಹೆಸರಿಟ್ಟೆ. ಸಾಹೇಬರಿಗೆ ತುಂಬಾ ಹಿಡಿಸಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಕೆಮ್ಮಿನ ಔಷಧಿಯ ಡಬ್ಬದೊಳಗಿನ ಚೀಟಿಯನ್ನು ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರು. ಒಂದು ಕಾಲದಲ್ಲಿ ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದವರು. ಅವರು ನಿವೃತ್ತರಾದರೂ ಪೆನ್ಸಿಲ್ಲು ನಿವೃತ್ತವಾಗಿಲ್ಲ. ಹಾಲಿನ ಪೊಟ್ಟಣ, ಅಂಗಡಿಯ ಬಿಲ್ಲು, ಚುನಾವಣೆಯ ಕರಪತ್ರ, ಕೈಗೆ ಸಿಕ್ಕಿದ ಯಾವುದಕ್ಕೂ ಮಾಫಿ ಇಲ್ಲ.

“ಇಪ್ಪತ್ತು ವರ್ಷದ ಯೋಜನೆನಾ?” ಎಂದರು ಕಣ್ಣೆತ್ತದೆ. “ನಂಗೀಗ ಎಪ್ಪತ್ತೊಂಬತ್ತು. ಅದು ನಂಗಲ್ಲ ಬಿಡು. ನಿಂಗೆ.”

ಮೈಯೆಲ್ಲ ಉರಿದುಹೋಯಿತು. ನನಗಿನ್ನೂ ಐವತ್ತಾರು. ಮುದುಕರ ಬಗ್ಗೆ ಬರೆಯುವ ವಯಸ್ಸು, ಆಗುವ ವಯಸ್ಸಲ್ಲ.

ಸೆಪ್ಟೆಂಬರ್ 3, ಬುಧವಾರ

ಇವರು ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದರು. ಬಾಗಿಲು ಎಳೆದುಕೊಂಡರೆ ಸಾಕು, ತಾನೇ ಬೀಳುತ್ತದೆ. ಒಳಗಿನಿಂದ ಹಿಡಿ ತಿರುಗಿಸಿದರೆ ತೆರೆಯುತ್ತದೆ. ಹೊರಗಿನಿಂದ ಬೀಗದ ಕೈ ಇಲ್ಲದೆ ಒಂದು ಹುಳವೂ ಒಳಗೆ ಬರುವಂತಿಲ್ಲ. ಮೂರು ಬೀಗದ ಕೈ ಕೊಟ್ಟರು. ಒಂದು ಇವರಿಗೆ, ಒಂದು ನನಗೆ. ಮೂರನೆಯದನ್ನು ಇವರು ಭದ್ರವಾಗಿ ಎಲ್ಲೋ ಎತ್ತಿಟ್ಟರು. ಅತ್ತೆಗೆ ಇಲ್ಲ. ಹೊರಗೆ ಹೋದರೆ ತಿರುಗಿ ಒಳಗೆ ಬರಲಾಗುವುದಿಲ್ಲ, ಆದ್ದರಿಂದ ಹೋಗುವುದಿಲ್ಲ. ಇದು ಇವರ ಲೆಕ್ಕಾಚಾರ.

ಹೋದ ತಿಂಗಳು ಅತ್ತೆ ಮಾರ್ಕೆಟ್ಟಿನ ಮೆಟ್ಟಿಲಲ್ಲಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ಯಾರೋ ಇವರಿಗೆ ಫೋನ್ ಮಾಡಿ “ನಿಮ್ಮ ತಾಯಿ ಬಿದ್ದಿದ್ದಾರೆ” ಎಂದರಂತೆ, ಅಷ್ಟು ಹೇಳಿ ಲೈನ್ ಕಡಿದುಹೋಯಿತಂತೆ. ಅವತ್ತಿನಿಂದ ಫೋನ್ ಸದ್ದಾದರೆ ಸಾಕು ಇವರು ಬೆಚ್ಚುತ್ತಾರೆ. ಅತ್ತೆಯದೋ ಬೇರೆಯೇ ದೂರು: “ನಾನು ಬಿದ್ದಿದ್ದಲ್ಲ, ಆ ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಏನೂ ಇಲ್ಲ.”

“ಅಮ್ಮ, ನೀನು ಒಳಗಿರು. ಏನು ಬೇಕೋ ನಾವು ತಂದ್ಕೊಡ್ತೀವಿ,” ಎಂದರು ಇವರು.

“ಹೊರಗಡೆ ಬೇಕು. ತಂದ್ಕೊಡ್ತೀಯಾ?”

ಇವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

“ಮನೆಗೆ ಬೀಗರು ಬಂದ್ರೆ ಎರಡು ದಿನ ಇದ್ದು ಹೋಗ್ತಾರೆ,” ಎಂದು ಅತ್ತೆ ಹೊಸ ಬೀಗವನ್ನು ಮುಟ್ಟಿ ನೋಡಿದರು. “ಈ ಬೀಗ ಯಾವಾಗ ಹೋಗುತ್ತೆ?”

ನಗು ಬಂತು. ಆದರೂ ಇವರು ಹೇಳುವುದೇ ಸರಿ. ಸುರಕ್ಷತೆ ಮುಖ್ಯ. ನನ್ನ ಯೋಜನೆಯ ಮೊದಲ ಅಧ್ಯಾಯವೂ ಅದೇ.

ಸೆಪ್ಟೆಂಬರ್ 5, ಶುಕ್ರವಾರ

ಮೊದಲ ಅಧ್ಯಾಯ ಮುಗಿಯಿತು. ಹೆಮ್ಮೆಯಿಂದ ಊಟದ ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಹಾಳೆಗಳ ಮೇಲೆ ಕೆಂಪು ಪೆನ್ಸಿಲ್ಲು ಓಡಾಡುತ್ತಿತ್ತು.

“ಅಕ್ಷರ ತಪ್ಪಿದೆಯಾ ಅತ್ತೆ?”

“ಅಕ್ಷರ ಸರಿಯಾಗಿದೆ ಕಣೇ. ‘ಹಿರಿಯರನ್ನು ಉದ್ಯಾನದಲ್ಲಿ ಕೂರಿಸುವುದು. ಸಮಯಕ್ಕೆ ಸರಿಯಾಗಿ ಉಣಿಸುವುದು. ದಿನಕ್ಕೊಮ್ಮೆ ನಡೆಸುವುದು. ಮಲಗಿಸುವುದು.’ ಬರೀ ಇಸು, ಇಸು, ಇಸು. ನಿನ್ನ ಯೋಜನೇಲಿ ನಾವಾಗೇ ಕೂರೋದು, ಉಣ್ಣೋದು, ನಡೆಯೋದು ಒಂದಾದ್ರೂ ಇದೆಯಾ?”

“ಅದು ಸರ್ಕಾರಿ ಭಾಷೆ ಅತ್ತೆ.”

“ಹೌದಾ? ಹಾಗಾದ್ರೆ ‘ಸಾಯಿಸುವುದು’ ಬಿಟ್ಟುಹೋಗಿದೆ. ಸೇರಿಸ್ಕೋ.”

ಇಂಗು ತಿಂದ ಮಂಗನ ಹಾಗಾಯಿತು ನನ್ನ ಮುಖ. ಇವರು ಬಾಯಲ್ಲಿದ್ದ ತುತ್ತು ನುಂಗಲಾರದೆ ನಗುತ್ತಿದ್ದರು. ಗಂಡನೆಂಬ ಪ್ರಾಣಿಯಿಂದ ಇಂಥ ಹೊತ್ತಿನಲ್ಲಿ ಎಳ್ಳಷ್ಟೂ ಸಹಾಯವಿಲ್ಲ.

ನಾನೊಂದು ಇಸುವನ್ನೂ ತೆಗೆಯಲಿಲ್ಲ. ತೆಗೆದರೆ ಇಲಾಖೆಗೆ ಮಾಡಲು ಕೆಲಸವೇ ಇರುವುದಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಮುಂದಿನ ವಾರ ಮೂರು ದಿನ ಕಚೇರಿಯ ಸಭಾಂಗಣದಲ್ಲಿ ಹಿರಿಯರ ಅಹವಾಲು ಕೇಳಬೇಕು. ಜನರನ್ನು ಕೇಳದೆ ಯೋಜನೆ ಮಾಡಬಾರದೆಂದು ಮೇಲಿನವರ ಹೊಸ ನಿಯಮ. ಗೇಟಿಗೆ ಕಟ್ಟಲು ಒಂದು ಬ್ಯಾನರ್ ಮಂಜೂರಾಗಿದೆ. ಒಂದೇ ಒಂದು.

ಬರೆದೆ: “ಹಿರಿಯರೇ ಬನ್ನಿ, ನಿಮಗೆ ಬೇಕಾದ ಆಸರೆ ತಿಳಿಸಿ. ನಿಮ್ಮ ಆಸರೆಗೆ ನಾವಿದ್ದೇವೆ.”

ಸೀರೆಗೆ ಇಸ್ತ್ರಿ ಹಾಕುತ್ತಾ ಅತ್ತೆಗೆ ಕೊಟ್ಟು, ಒಮ್ಮೆ ಕಣ್ಣಾಡಿಸಿ ಎಂದೆ. ಸ್ವಲ್ಪ ಹೊತ್ತು ನೋಡಿ, “ಸರಿ ಮಾಡಿದ್ದೀನಿ, ತಗೋ,” ಎಂದು ಮಡಚಿ ಕೊಟ್ಟರು. ದಾರಿಯಲ್ಲಿ ಬ್ಯಾನರ್ ಅಂಗಡಿಯವನ ಕೈಗೆ ಹಾಗೆಯೇ ಹಾಕಿ ಹೋದೆ. ಬಿಡಿಸಿ ನೋಡುವುದಕ್ಕೆ ಕನ್ನಡಕ ಮನೆಯಲ್ಲೇ ಉಳಿದಿತ್ತು. ಕನ್ನಡಕ ನನಗೆ ಅಂಥ ಅಗತ್ಯವೇನಲ್ಲ. ಇತ್ತೀಚೆಗೆ ಎಲ್ಲರೂ ಅಕ್ಷರಗಳನ್ನು ಸಣ್ಣದಾಗಿ ಬರೆಯುತ್ತಾರೆ, ಅಷ್ಟೆ.

ಸೆಪ್ಟೆಂಬರ್ 12, ಶುಕ್ರವಾರ

ಅಯ್ಯೋ ದೇವರೇ.

ಬೆಳಿಗ್ಗೆ ಗೇಟಿನ ಬಳಿ ಜನ ನಿಂತು ನಗುತ್ತಿದ್ದರು. ತಲೆಯೆತ್ತಿ ನೋಡಿದೆ. ಕನ್ನಡಕವಿಲ್ಲದೆಯೂ ಕಾಣುವಷ್ಟು ದೊಡ್ಡ ಅಕ್ಷರ: “ಹಿರಿಯರೇ ಬನ್ನಿ, ನಿಮಗೆ ಬೇಕಾದ ಆಸೆ ತಿಳಿಸಿ. ನಿಮ್ಮ ಆಸೆಗೆ ನಾವಿದ್ದೇವೆ.”

ಬ್ಯಾನರಿನವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. “ನೀವು ಕೊಟ್ಟ ಹಾಗೇ ಹಾಕಿದ್ದೀನಿ ಮೇಡಂ. ನಾನೂ ಅಂದ್ಕೊಂಡೆ, ಸರ್ಕಾರ ಭಾರಿ ಸುಧಾರಿಸಿದೆ ಅಂತ,” ಎಂದ.

ಕಾಲಂ ಸಾಹೇಬರು ಕುಣಿದಾಡಿಬಿಟ್ಟರು. ಇನ್ನೊಂದು ಬ್ಯಾನರಿಗೆ ಮಂಜೂರಾತಿ ಇಲ್ಲ. ಕಿಟಕಿಯಿಂದಲೇ ಕೂಗಿದರು, “ಏಯ್, ಆಸೆ ಮೇಲೆ ಕಾಗದ ಅಂಟ್ಸಿ ಆಸರೆ ಮಾಡ್ರೋ!” ಕೆಳಗಿದ್ದ ಜವಾನನಿಗೆ ಗಾಳಿಯಲ್ಲಿ ಏನು ಕೇಳಿಸಿತೋ, ‘ಆಸೆ’ ಇದ್ದ ಜಾಗದಲ್ಲೆಲ್ಲ ‘ಸೆರೆ’ ಎಂದು ಬರೆದು ಅಂಟಿಸಿದ. ಮಧ್ಯಾಹ್ನದವರೆಗೂ ನಮ್ಮ ಗೇಟಿನ ಮೇಲೆ “ನಿಮ್ಮ ಸೆರೆಗೆ ನಾವಿದ್ದೇವೆ” ಎಂದಿತ್ತು. ಇಬ್ಬರು ಒಳಗೆ ಬಂದು, ಜೈಲಿನ ಕಚೇರಿ ಇಲ್ಲಿಗೆ ಬಂತೇ ಎಂದು ವಿಚಾರಿಸಿದರು.

ಕೊನೆಗೆ ಸಾಹೇಬರು ತಲೆಯ ಮೇಲೆ ಕೈಯಿಟ್ಟು ಕೂತರು. “ಆ ಕಾಗದ ಕಿತ್ತುಹಾಕಿ. ಸೆರೆಗಿಂತ ಆಸೆನೇ ವಾಸಿ.”

ಸೆಪ್ಟೆಂಬರ್ 13, ಶನಿವಾರ

ನಿನ್ನೆಯ ಕಥೆಯನ್ನು ಊಟದ ಹೊತ್ತಿಗೆ ತಮಾಷೆಯಾಗಿ ಹೇಳಿದ್ದು ನನ್ನ ತಪ್ಪು. ಇವರು ನಗಲಿಲ್ಲ.

“ಆ ಚೀಟಿ ಅಮ್ಮ ನೋಡಿದ್ಲಾ?”

“ನೋಡಿದ್ರು.”

“ನೋಡಿನೂ ಬಿಟ್ಟುಬಿಟ್ಲಾ?”

ಅತ್ತೆಯನ್ನು ಕೇಳಿದೆವು. “ಹಾಗಾ? ಆಸೆ ಅಂತ ಬಂದಿದೆಯಾ?” ಎಂದರು, ಮತ್ತೆ ತಟ್ಟೆಯ ಕಡೆ ನೋಡಿದರು. ಅಷ್ಟೆ.

ಆಮೇಲೆ ಅಡುಗೆಮನೆಯಲ್ಲಿ ಇವರು ದನಿ ತಗ್ಗಿಸಿ ಹೇಳಿದರು, “ಅಮ್ಮನ ಕಣ್ಣು ತಪ್ಪಿಸಿ ಒಂದು ಸೊನ್ನೆನೂ ಹೋಗ್ತಿರ್ಲಿಲ್ಲ ಕಣೇ. ತಲೆ ಎಲ್ಲೋ ಜಾರ್ತಾ ಇದೆ. ಬಿದ್ದಾಗ್ಲೇ ನಂಗೆ ಅನುಮಾನ ಬಂದಿತ್ತು.” ಊರಾಚೆ ಒಂದು ಹಿರಿಯರ ಮನೆ ಇದೆಯಂತೆ. ಹಗಲೂ ರಾತ್ರಿ ನರ್ಸುಗಳಿರುತ್ತಾರಂತೆ. ಬರುವ ಶನಿವಾರ ಹೋಗಿ ನೋಡಿ, ಒಪ್ಪಿಗೆಯಾದರೆ ತಿಂಗಳ ಕೊನೆಗೇ ಅಮ್ಮನನ್ನು ಸೇರಿಸೋಣ ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ನಾನು ಹೂಂ ಎಂದೆ.

ಸೇರಿಸೋಣ. ಇದೂ ಇಸು.

ಸೆಪ್ಟೆಂಬರ್ 14, ಭಾನುವಾರ

ಹಾಲಿನ ಪೊಟ್ಟಣದ ಮೇಲೆ ‘ಶುದ್ಧ’ ಎನ್ನುವುದು ‘ಶುದ್ದ’ ಎಂದು ಅಚ್ಚಾಗಿತ್ತು. ಅತ್ತೆ ನೋಡಿದರು. ತಿದ್ದಲಿಲ್ಲ. ಅಡುಗೆಮನೆಯ ಮಾತು ಕೇಳಿಸಿತೋ ಏನೋ.

ಸೆಪ್ಟೆಂಬರ್ 16, ಮಂಗಳವಾರ

ಅಬ್ಬಬ್ಬಾ! ಐವತ್ತು ಕುರ್ಚಿ ಹಾಕಿಸಿದ್ದೆವು. ಹತ್ತು ಗಂಟೆಗೆಲ್ಲ ಸಾಲು ಮೆಟ್ಟಿಲಿಳಿದು ಗೇಟು ದಾಟಿತ್ತು. ಕಳೆದ ವರ್ಷ ಇದೇ ಸಭಾಂಗಣದಲ್ಲಿ ‘ಹಿರಿಯರ ಕುಂದುಕೊರತೆ ಸಭೆ’ ಎಂದು ಕರೆದಾಗ ನಾಲ್ಕು ಜನ ಬಂದಿದ್ದರು, ಅದರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ.

ಮೊದಲು ಬಂದವರು ಕೊಡೆ ಹಿಡಿದ ಒಬ್ಬ ಎತ್ತರದ ಅಜ್ಜ. “ನಂಗೆ ಜಗಳ ಆಡೋಕೆ ಒಬ್ರು ಬೇಕು,” ಎಂದರು.

“ಏನಂದ್ರಿ?”

“ಹೆಂಡ್ತಿ ಹೋದ್ಮೇಲೆ ಮನೇಲಿ ಎಲ್ರೂ ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ. ತಪ್ಪು ಹೇಳಿದ್ರೂ ಹೂಂ. ನಾನು ಇದ್ದೀನೋ ಇಲ್ವೋ ಅಂತ ನಂಗೇ ಅನುಮಾನ ಬಂದಿದೆ.”

ಪಕ್ಕದಲ್ಲಿದ್ದ ಸಾಹೇಬರು ನನ್ನ ಕಿವಿಯಲ್ಲಿ, “ಇದು ಯಾವ ಕಾಲಂಗೆ?” ಎಂದರು. ಅಜ್ಜನಿಗೆ ಕೇಳಿಸಿತು. “ಯಾವ ಕಾಲಕ್ಕೂ ಅಂತ ಬರ್ಕೊಳ್ಳಿ,” ಎಂದು ಕೊಡೆ ಕುಟ್ಟಿದರು.

ಇಬ್ಬರು ಅಕ್ಕತಂಗಿಯರಿಗೆ ಊರಿನ ಅತಿ ಎತ್ತರದ ಕಟ್ಟಡ ಹತ್ತಿ ತಮ್ಮ ಮನೆಯ ಮಾಡು ಹೇಗೆ ಕಾಣುತ್ತದೆಂದು ನೋಡಬೇಕಂತೆ. ಅಲ್ಲಿನ ಲಿಫ್ಟ್ ಕೆಟ್ಟಿದೆಯಂತೆ. ಒಬ್ಬ ಮಾಜಿ ಪೋಸ್ಟ್‌ಮ್ಯಾನ್‌ಗೆ ಮಾರ್ಕೆಟ್ಟಿನ ಏರಿನಲ್ಲಿ ಅರ್ಧಕ್ಕೊಂದು ಬೆಂಚು ಬೇಕು, ಆದರೆ ಅದರ ಮುಖ ಶಾಲೆಯ ಗೇಟಿನ ಕಡೆಗಿರಬೇಕು. “ಸುಮ್ನೆ ಗೋಡೆ ನೋಡ್ಕೊಂಡು ಕೂರೋಕೆ ಮನೇಲೇ ಜಾಗ ಇದೆಯಲ್ಲ ತಾಯಿ.” ಇನ್ನೊಬ್ಬಾಕೆ ಹೇಳಿದ್ದು ಕೇಳಿ ನಾನು ಪೆನ್ನು ಕೆಳಗಿಟ್ಟೆ. “ನಂಗೆ ಬೆಳಿಗ್ಗೆ ಒಂದು ಲೋಟ ಟೀ ಪೂರ್ತಿ ಕುಡೀಬೇಕು ಅಂತ ಆಸೆ. ಎರಡೇ ಗುಟುಕು ಕುಡಿದು ಇಟ್ಟುಬಿಡ್ತೀನಿ. ಮಾರ್ಕೆಟ್ಟಲ್ಲಿ ಶೌಚಾಲಯ ಇಲ್ವಲ್ಲ.”

ಮೂವತ್ತು ವರ್ಷದಿಂದ ಯೋಜನೆ ಬರೆಯುತ್ತಿದ್ದೇನೆ. ಬೆಂಚು, ಲಿಫ್ಟು, ಶೌಚಾಲಯ ಎಲ್ಲ ನನ್ನ ಕರಡಿನಲ್ಲೂ ಇದ್ದವು. ಆದರೆ ಟೀ ಇರಲಿಲ್ಲ.

ಸಂಜೆ ನನ್ನ ಮಂಡಿ ಎರಡೂ ಮುಷ್ಕರ ಹೂಡಿದವು. ಕುರ್ಚಿಗಳು ತೀರಾ ತಗ್ಗು.

ಸೆಪ್ಟೆಂಬರ್ 17, ಬುಧವಾರ

ಇವತ್ತು ನಿನ್ನೆಗಿಂತ ಹೆಚ್ಚು ಜನ. ಒಬ್ಬಾಕೆ ಎದ್ದುನಿಂತು ಹೇಳಿದರು, “ರಸ್ತೆ ದಾಟೋಕೆ ಹಸಿರು ದೀಪ ಬಿಡ್ತೀರಲ್ಲ, ನಾನು ನಡುವಿಗೆ ಬರೋಷ್ಟರಲ್ಲಿ ಕೆಂಪಾಗುತ್ತೆ. ಎಲ್ರೂ ಹಾರನ್ ಹೊಡೀತಾರೆ. ಒಂದಿನ ಅಲ್ಲೇ ನಿಂತು ಭಾಷಣ ಮಾಡ್ಬೇಕು ಅಂತ ನನ್ನಾಸೆ.” ಸಭೆಯೆಲ್ಲ ಚಪ್ಪಾಳೆ. ದೀಪದ ಹೊತ್ತು ಹೆಚ್ಚಿಸಬೇಕು ಎಂದು ಬರೆದುಕೊಂಡೆ. ಭಾಷಣಕ್ಕೂ ಅವಕಾಶವಿದ್ದರೆ ಒಳ್ಳೆಯದಿತ್ತು.

ಎಲ್ಲರೂ ಹೋದ ಮೇಲೆ ಸಾಹೇಬರು ಬಾಗಿಲು ಮುಂದೆ ಮಾಡಿ ಬಂದು, ಅಹವಾಲಿನ ಕುರ್ಚಿಯಲ್ಲಿ ಕೂತರು. ಮುಂದಿನ ವರ್ಷ ಅವರ ನಿವೃತ್ತಿ. “ಮೇಡಂ, ನಂಗೆ ಈಜು ಕಲೀಬೇಕು ಅಂತ ಚಿಕ್ಕಂದಿನಿಂದ ಆಸೆ,” ಎಂದರು ಪಿಸುದನಿಯಲ್ಲಿ. “ಬರ್ಕೊಂಡ್ರಾ?”

“ಬರ್ಕೊಂಡೆ ಸಾರ್.”

“ಹೊಡೆದುಹಾಕಿ. ಸುಮ್ನೆ ಹೇಳ್ದೆ.” ಬಾಗಿಲವರೆಗೆ ಹೋಗಿ ತಿರುಗಿದರು. “ಯಾವ ಕಾಲಂಗೆ ಹಾಕಿದ್ರಿ?”

ಸೆಪ್ಟೆಂಬರ್ 18, ಗುರುವಾರ

ಇದನ್ನು ಹೇಗೆ ಬರೆಯಲಿ? ನಗು ಇನ್ನೂ ನಿಲ್ಲುತ್ತಿಲ್ಲ.

ಮಧ್ಯಾಹ್ನ ತಲೆಯೆತ್ತದೆ “ಮುಂದಿನವರು ಬನ್ನಿ” ಎಂದೆ. ಎದುರಿನ ಕುರ್ಚಿಯಲ್ಲಿ ಯಾರೋ ಕೂತರು. “ನಿಮ್ಮ ಆಸೆ ಏನು ಹೇಳಿ ಅಮ್ಮ,” ಎಂದೆ.

“ಬೀಗದ ಕೈ,” ಎಂದಿತು ಪರಿಚಯದ ದನಿ.

ಅತ್ತೆ! ಇಸ್ತ್ರಿ ಹಾಕಿದ ಸೀರೆ, ತೋಳಿನಲ್ಲಿ ಕೈಚೀಲ, ಕೈಯಲ್ಲಿ ಟೋಕನ್. ನನ್ನನ್ನು ಇವತ್ತೇ ಮೊದಲ ಸಲ ನೋಡುತ್ತಿರುವವರ ಹಾಗೆ ಕೂತಿದ್ದರು.

“ನೀವು... ಹೇಗೆ ಬಂದ್ರಿ?”

“ಬಸ್ಸಲ್ಲಿ ಬಂದೆ ಅಧಿಕಾರಿಗಳೇ. ಬಾಗಿಲು ಎಳ್ಕೊಂಡು ಬಂದೆ. ಈಗ ವಾಪಸ್ ಮನೆ ಒಳಗೆ ಹೋಗೋಕೆ ನನ್ನತ್ರ ಬೀಗದ ಕೈ ಇಲ್ಲ. ನಿಮ್ಮ ಆಸೆಗೆ ನಾವಿದ್ದೇವೆ ಅಂತ ಹಾಕಿದ್ದೀರಲ್ಲ, ಅದಕ್ಕೆ ಬಂದೆ.”

ನಾನು ಮದುವೆಯಾಗಿ ಬಂದ ದಿನದಿಂದ ನನ್ನನ್ನು ‘ನೀನು’ ಎನ್ನುತ್ತಿದ್ದವರು. ಇವತ್ತು ‘ನೀವು’.

ಸಾಹೇಬರಿಗೆ ಅವರು ಯಾರೆಂದು ಗೊತ್ತಿಲ್ಲ. ಉತ್ಸಾಹದಿಂದ ಮುಂದೆ ಬಾಗಿದರು. “ಯಾರಮ್ಮ ನಿಮಗೆ ಬೀಗದ ಕೈ ಕೊಡದೆ ಇರೋರು?”

“ಮಗ ಇದ್ದಾನೆ ಸಾರ್, ಪಾಪ, ಹೆದರುಪುಕ್ಕಲ. ಸೊಸೆ ಒಬ್ಳಿದ್ದಾಳೆ. ದೊಡ್ಡ ಅಧಿಕಾರಿ. ನಮ್ಮಂಥೋರಿಗೇ ಯೋಜನೆ ಬರೀತಾಳೆ.”

“ಛೆ ಛೆ! ಎಂಥಾ ಅನ್ಯಾಯ! ಯಾವ ಇಲಾಖೆ? ಅವರಿಗೊಂದು ನೋಟಿಸ್ ಕೊಡೋಣ. ಬರ್ಕೊಳ್ಳಿ ಮೇಡಂ, ಬರ್ಕೊಳ್ಳಿ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಸಾಲಿನಲ್ಲಿದ್ದವರೆಲ್ಲ ಲೊಚಗುಟ್ಟಿ ಆ ಸೊಸೆಯನ್ನು ಬೈಯತೊಡಗಿದರು. ನಾನು ಬರೆದುಕೊಳ್ಳುವವಳಂತೆ ತಲೆ ತಗ್ಗಿಸಿದೆ.

“ಆಮೇಲೆ ಇನ್ನೊಂದು,” ಎಂದರು ಅತ್ತೆ. “ಬ್ಯಾನರಲ್ಲಿ ಅಕ್ಷರ ತಪ್ಪಿದೆ ಅಂತ ನೀವೆಲ್ಲ ಯಾರ್ಯಾರನ್ನೋ ಬೈದ್ರಂತೆ. ಅದು ತಪ್ಪಲ್ಲ. ತಿದ್ದಿದ್ದು ನಾನು. ಆ ‘ರ’ ತೆಗೆದಿದ್ದು ನಾನು, ನನ್ನ ಪೆನ್ಸಿಲ್ಲಲ್ಲೇ.”

“ಯಾಕೆ ಅತ್ತೆ?” ಬಾಯಿ ತಪ್ಪಿ ಬಂದುಬಿಟ್ಟಿತು. ಸಾಹೇಬರು ನನ್ನನ್ನೂ ಅವರನ್ನೂ ನೋಡಿದರು. ಅವರ ಮುಖ ಬೆಳ್ಳಗಾಯಿತು.

“ಆಸರೆ ಬೇಕಾ ಅಂತ ಕೇಳಿದ್ರೆ ಯಾರೇ ಬರ್ತಾರೆ? ನಾನು ಬೀಳೋ ಗೋಡೆ ಅಂತ ಒಪ್ಕೊಂಡು ಬರ್ಬೇಕು. ಏನಾಸೆ ಅಂತ ಕೇಳಿ ನಮ್ಮನ್ನ ಎಷ್ಟು ವರ್ಷ ಆಗಿದೆ ಗೊತ್ತಾ? ನೋಡು, ನನ್ನ ಹಿಂದೆ ನೋಡು, ಎಷ್ಟು ಜನ ಬಂದಿದ್ದಾರೆ.” ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. “ಅವತ್ತು ಊಟಕ್ಕೆ ಕೂತಾಗ್ಲೇ ಹೇಳ್ಬಹುದಿತ್ತು. ಹೇಳಿದ್ರೆ ನೀನು ಬ್ಯಾನರ್ ಬದಲಾಯಿಸ್ತಿದ್ದೆ. ಅದಕ್ಕೆ ಸುಮ್ನಿದ್ದೆ. ನನ್ನ ತಲೆ ಕೆಟ್ಟಿದೆ ಅಂತ ನೀವಿಬ್ರೂ ಗುಸುಗುಸು ಮಾತಾಡಿದ್ದೂ ಕೇಳಿಸ್ತು. ತಲೆ ಸರಿಯಾಗಿದೆ ಕಣೇ. ಕಿವಿನೂ.”

ನನಗೆ ಅಳು ಬಂತು. ನೂರು ಜನರೆದುರು ಅಳುವ ಹುದ್ದೆಯಲ್ಲ ನನ್ನದು, ಆದರೂ ಬಂತು. ಬ್ಯಾಗಿನಿಂದ ನನ್ನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟೆ.

“ಮಂಜೂರಾಗಿದೆ,” ಎಂದೆ.

ಅತ್ತೆ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದರು. ಸಾಹೇಬರಿಗೆ ನಮಸ್ಕಾರ ಹೇಳಿ, “ನೋಟಿಸ್ ಬೇಡ ಸಾರ್. ಈ ಸಲ ಬಿಟ್ಬಿಡಿ,” ಎಂದರು. ಬಾಗಿಲ ಬಳಿ ಕೊಡೆ ಅಜ್ಜ ಎದುರಾಗಿ, “ಆ ‘ರ’ ತೆಗೆದಿದ್ದು ವ್ಯಾಕರಣದ ಪ್ರಕಾರ ಸರಿಯಲ್ಲ” ಎಂದು ಮಾತು ತೆಗೆದರು. ಮೊನ್ನೆ ಜಗಳಗಂಟಿ ಬೇಕೆಂದವರು, ಇವತ್ತೂ ಸುಮ್ಮನೆ ಬಂದು ಕೂತಿದ್ದರು. ಅತ್ತೆ ನಿಂತರು. “ಎಲ್ಲಿ ಓದಿದ್ರಿ ವ್ಯಾಕರಣ ನೀವು?” ಅವರಿಬ್ಬರ ದನಿ ಮೆಟ್ಟಿಲಿಳಿದು ಗೇಟು ದಾಟುವವರೆಗೂ ಕೇಳಿಸುತ್ತಿತ್ತು.

ಸೆಪ್ಟೆಂಬರ್ 20, ಶನಿವಾರ

ಹಿರಿಯರ ಮನೆ ನೋಡಲು ಹೋಗಬೇಕಾಗಿದ್ದ ದಿನ. ಇವರು ಬೆಳಿಗ್ಗೆಯಿಂದ ಅಮ್ಮನ ಹಿಂದೆ ಮುಂದೆ ಸುಳಿದಾಡಿ, ಕೊನೆಗೆ ಪಕ್ಕದಲ್ಲಿ ಕೂತರು.

“ಅಮ್ಮ, ನಂಗೆ ಭಯ ಆಗಿತ್ತು. ಆ ಫೋನ್ ಬಂದಾಗ ನೀನು ಹೋಗೇಬಿಟ್ಟೆ ಅಂದ್ಕೊಂಡಿದ್ದೆ.”

“ನಂಗೂ ಭಯ ಆಗುತ್ತೆ ಕಣೋ. ಹಾಗಂತ ನಿನ್ನ ಚಿಕ್ಕಂದಿನಲ್ಲಿ ಸೈಕಲ್ ಕಿತ್ಕೊಂಡಿದ್ನಾ? ಮಂಡಿ ಎಷ್ಟು ಸಲ ಒಡ್ಕೊಂಡು ಬಂದಿದ್ದೆ!” ಮಗನ ತಲೆಗೊಂದು ಮೊಟಕಿದರು. “ಆ ಮನೆ ಬೇಕಾದ್ರೆ ನೀನು ಹೋಗಿ ನೋಡ್ಕೊಂಡು ಬಾ. ಚೆನ್ನಾಗಿದ್ರೆ ನಿನ್ನ ಕಾಲಕ್ಕೆ ಜಾಗ ಹಿಡಿದಿಡು.”

ಹೋಗಲಿಲ್ಲ. ಬದಲಿಗೆ ಭದ್ರವಾಗಿ ಎತ್ತಿಟ್ಟಿದ್ದ ಮೂರನೆಯ ಬೀಗದ ಕೈಯನ್ನು ನನಗೆ ಕೊಡಲೆಂದು ಇವರು ಹುಡುಕಿದರು. ಇಡೀ ದಿನ ಹುಡುಕಿದರು. ಎಲ್ಲಿಟ್ಟೆನೆಂದು ನೆನಪಾಗಲಿಲ್ಲ. ಅತ್ತೆ ಕೆಮ್ಮಿದರು, ಅಷ್ಟೆ. ಸಂಜೆ ನಾನೇ 
ಅಂಗಡಿಗೆ ಹೋಗಿ ಇನ್ನೊಂದು ಮಾಡಿಸಿಕೊಂಡು ಬಂದೆ.

ಸೆಪ್ಟೆಂಬರ್ 26, ಶುಕ್ರವಾರ

ಯೋಜನೆ ಹೋಯಿತು. ಮೊದಲಿನ ಕರಡನ್ನು ಪೂರ್ತಿ ಬಿಸಾಕಿ ಹೊಸದಾಗಿ ಬರೆದೆ. ಏರಿನಲ್ಲಿ ಬೆಂಚು, ಮುಖ ಶಾಲೆಯ ಕಡೆಗೆ. ಮಾರ್ಕೆಟ್ಟಿನ ಮೆಟ್ಟಿಲಿಗೆ ಹಿಡಿಕೆ, ಪಕ್ಕದಲ್ಲಿ ಶೌಚಾಲಯ. ಕಾರಣ ಎಂಬಲ್ಲಿ ‘ಟೀ’ ಎಂದೇ ಬರೆದಿದ್ದೇನೆ. ಹಸಿರು ದೀಪ ನಾವು ರಸ್ತೆ ದಾಟುವವರೆಗೂ ಹಸಿರಾಗಿಯೇ ಇರಬೇಕು. ಈಜುಕೊಳದಲ್ಲಿ ಅರವತ್ತು ದಾಟಿದ ಆರಂಭಿಗರಿಗೆ ಬೆಳಗಿನ ಹೊತ್ತು.

ಸಾಹೇಬರು ಈಜುಕೊಳದ ಪುಟವನ್ನು ಎರಡು ಸಲ ಓದಿದರು. ಯಾವ ಕಾಲಂ ಎಂದು ಕೇಳಲಿಲ್ಲ. ಆಮೇಲೆ ಮುಖಪುಟ ತಿರುಗಿಸಿ ಹುಬ್ಬು ಗಂಟಿಕ್ಕಿದರು.

“ಮೇಡಂ, ‘ಹಿರಿಯರ ಆಸೆ ಯೋಜನೆ’ ಅಂತ ಇದೆಯಲ್ಲ. ಮತ್ತೆ ‘ರ’ ಬಿಟ್ಟುಹೋಗಿದೆ.”

“ನೋಡಿದೆ ಸಾರ್.”

ಅವರು ಪೆನ್ನು ತೆಗೆದರು, ಸ್ವಲ್ಪ ಹೊತ್ತು ಹಿಡಿದುಕೊಂಡರು, ಹೆಸರಿನ ಕೆಳಗೆ ಸಹಿ ಹಾಕಿದರು. “ಮೇಲಿನವರು ಕೇಳಿದ್ರೆ ಅಚ್ಚಿನ ತಪ್ಪು ಅಂತೀನಿ.”

ಸೆಪ್ಟೆಂಬರ್ 30, ಮಂಗಳವಾರ

ಸಂಜೆ ಮನೆಗೆ ಬಂದರೆ ಬಾಗಿಲು ಹಾಕಿತ್ತು. ಬ್ಯಾಗೆಲ್ಲ ತಡಕಿದೆ. ಬೀಗದ ಕೈ ಕಚೇರಿಯ ಮೇಜಿನ ಮೇಲೆಯೇ ಉಳಿದಿದೆ. ಈ ವಾರದಲ್ಲಿ ಎರಡನೆಯ ಸಲ. ಕೆಲಸದ ಒತ್ತಡ, ಮತ್ತೇನಲ್ಲ. ಇವರು ಬರುವುದು ತಡವೆಂದು ಮೊದಲೇ ಹೇಳಿದ್ದರು. ಅತ್ತೆ ಫೋನ್ ಎತ್ತಲಿಲ್ಲ.

ಮೆಟ್ಟಿಲ ಮೇಲೆ ಕೂತೆ. ಕೂರುವಾಗ ಮಂಡಿ ಲಟಕ್ಕೆಂದಿತು. ನಮ್ಮ ಬೀದಿಯಲ್ಲೂ ಒಂದು ಬೆಂಚು ಬೇಕು. ಯೋಜನೆಯಲ್ಲಿ ಇದು ಬಿಟ್ಟುಹೋಯಿತಲ್ಲ ಎಂದು ಬೇಜಾರಾಯಿತು. ಬೆಳಕು ಕಡಿಮೆಯಾಗುತ್ತಾ ಬಂತು. ಇನ್ನೊಮ್ಮೆ ಫೋನ್ ಮಾಡಿದೆ. ಇಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು. ಮಾರ್ಕೆಟ್ಟಿನ ಮೆಟ್ಟಿಲಿಗಿನ್ನೂ ಹಿಡಿಕೆ ಹಾಕಿಲ್ಲ, ದೀಪ ಇನ್ನೂ ಬೇಗ ಕೆಂಪಾಗುತ್ತದೆ, ನನ್ನ ಯೋಜನೆ ಇನ್ನೂ ಕಾಗದದ ಮೇಲೇ ಇದೆ. ಬೀಗದ ಕೈ ಕೊಟ್ಟವಳು ನಾನೇ. ಇವರು ಫೋನ್ ಸದ್ದಿಗೆ ಯಾಕೆ ಬೆಚ್ಚುತ್ತಾರೆಂದು ಕೂತಲ್ಲೇ ಗೊತ್ತಾಯಿತು.

ತಿರುವಿನಲ್ಲಿ ಮೊದಲು ದನಿ ಕೇಳಿಸಿತು. “...ಅಲ್ಲಿ ಒತ್ತಕ್ಷರ ಬೇಕೇ ಬೇಕು ರೀ, ನಿಮಗೆ ಕಣ್ಣು ಕಾಣಲ್ವಾ?” ಆಮೇಲೆ ಕೊಡೆ ಕಾಣಿಸಿತು, ಅದರ ಪಕ್ಕ ಅತ್ತೆ. ಅಜ್ಜ ನಮ್ಮ ಗೇಟಿನ ಬಳಿ ನಿಂತು, “ನಾಳೆ ನಿಘಂಟು ತರ್ತೀನಿ!” ಎಂದು ಬೆದರಿಕೆ ಹಾಕಿ ಮುಂದೆ ಹೋದರು. ಅವರ ಮುಖದಲ್ಲಿ ಬಹಳ ಸಂತೋಷವಿತ್ತು.

“ಏನೇ ಇದು, ಹೊರಗೆ ಕೂತಿದ್ದೀಯಾ?”

“ಎಲ್ಲಿ ಹೋಗಿದ್ರಿ ಅತ್ತೆ? ಫೋನ್ ಯಾಕೆ ಎತ್ತಲ್ಲ ನೀವು?” ನನ್ನ ದನಿ ನನಗೇ ಹೆಚ್ಚಾಗಿ ಕೇಳಿಸಿತು.

“ಜಗಳದ ಮಧ್ಯೆ ಫೋನ್ ಎತ್ತೋಕಾಗುತ್ತಾ? ನೀನ್ಯಾಕೆ ಇಲ್ಲಿ?”

“ಬೀಗದ ಕೈ ಮರೆತು ಬಂದೆ.”

“ಮರೆತ್ಯಾ!” ಅತ್ತೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹಾಗಾದ್ರೆ ನಾಳೆಯಿಂದ ನೀನು ಒಳಗಿರು ತಾಯಿ. ಏನು ಬೇಕೋ ನಾನು ತಂದ್ಕೊಡ್ತೀನಿ.”

ಇಬ್ಬರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು.

“ನಂಗೂ ಹೊರಗಡೆನೇ ಬೇಕು ಅತ್ತೆ,” ಎಂದೆ.

“ಸರಿ, ಆ ಕಡೆ ಸ್ವಲ್ಪ ಜರುಗು ಮತ್ತೆ.”

ಎದ್ದು ಅವರ ತೋಳು ಹಿಡಿದು ಕೂರಿಸಲು ಹೋದೆ. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದುಕೊಂಡು, ನಿಧಾನಕ್ಕೆ ಅವರೇ ಕೂತರು.